ಪಕ್ಕದ ಸೀಟಿನಲ್ಲಿ ಕೂತವರ ಮೌನ



ಲೋಕೋಪಯೋಗಿ ಇಲಾಖೆಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ರಸ್ತೆ, ಮೋರಿ, ಸೇತುವೆಗಳ ಕೆಲಸ ನೋಡಿ ನಿವೃತ್ತನಾದವನು ನಾನು. ಈಗ ಜಡೆಯಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಈ ಪತ್ರಿಕೆಯಲ್ಲಿ ಕಾರಿನ ಬಗ್ಗೆ ಏನು ಬರೆಯುವುದು ಎಂದು ನಿಮಗೆ ಅನ್ನಿಸಬಹುದು. ನಾನೇ ಮಾಡಿದ ಒಂದು ತಪ್ಪು ಹೇಳಿಕೊಳ್ಳದೆ ಸಮಾಧಾನವಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಕಳೆದ ವರ್ಷ ನಮ್ಮ ಬಂಧುಗಳ ಮನೆಯ ಗೃಹಪ್ರವೇಶಕ್ಕೆ ನನ್ನ ಷಡ್ಡಕರ ಮಗ ಬೆಂಗಳೂರಿನಿಂದ ಬಂದಿದ್ದ. ಸಾಫ್ಟ್‌ವೇರ್ ಕೆಲಸ, ಕೈತುಂಬ ಸಂಬಳ. ಬಂದದ್ದು ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತೆ ಕಾಣುವ ಹಳದಿ ಸ್ಪೋರ್ಟ್ಸ್ ಕಾರಿನಲ್ಲಿ. ಊರಿನ ಹುಡುಗರೆಲ್ಲ ಸುತ್ತ ನೆರೆದು ಮೊಬೈಲಿನಲ್ಲಿ ಫೋಟೋ ತೆಗೆದದ್ದೇ ತೆಗೆದದ್ದು. ಊಟವಾದ ಮೇಲೆ "ಬನ್ನಿ ದೊಡ್ಡಪ್ಪ, ಆನವಟ್ಟಿ ಕಡೆ ಒಂದು ರೌಂಡ್ ಹೋಗಿ ಬರೋಣ" ಎಂದ. ಹತ್ತಿ ಕೂತೆ. ಊರ ಹಂಪಿನಲ್ಲಿ ಕಾರಿನ ಹೊಟ್ಟೆ ಉಜ್ಜಿತು. ಅದು ದಾಟಿ ನೇರ ರಸ್ತೆ ಸಿಕ್ಕಿದ್ದೇ ತಡ, ಬೆನ್ನು ಸೀಟಿಗೆ ಒತ್ತಿಕೊಂಡಿತು. ಮುಳ್ಳು 120 ತೋರಿಸುತ್ತಿತ್ತು. ನಿಜ ಹೇಳುತ್ತೇನೆ, ನನಗೂ ಖುಷಿಯಾಯಿತು. ಇಂಥ ಯಂತ್ರ ಮಾಡಿದ ಎಂಜಿನಿಯರುಗಳ ಜಾಣ್ಮೆಗೆ ಮನಸ್ಸಿನಲ್ಲೇ ಕೈಮುಗಿದೆ.

ತಿರುವಿನಲ್ಲಿ ಒಬ್ಬರು ಹಿರಿಯರು ಟಿವಿಎಸ್ ಎಕ್ಸೆಲ್ ಮೇಲೆ ಹುಲ್ಲಿನ ಹೊರೆ ಹೇರಿಕೊಂಡು ಎದುರು ಬಂದರು. ಹುಡುಗ ಬ್ರೇಕ್ ಒತ್ತಿದ. ಕಾರು ಒಳ್ಳೆಯದು, ನಿಂತಿತು. ಆದರೆ ಆ ಸದ್ದಿಗೆ, ಆ ರಭಸಕ್ಕೆ ಬೆದರಿದ ಅವರು ಗಾಡಿ ಸಮೇತ ಚರಂಡಿಗೆ ಬಿದ್ದರು. ಮೊಣಕೈ ಕಿತ್ತು ರಕ್ತ ಬರುತ್ತಿತ್ತು. ನಾವಿಬ್ಬರೂ ಇಳಿದು ಎತ್ತಿದೆವು. ಹುಡುಗ ಪರ್ಸಿನಿಂದ ಐನೂರರ ಎರಡು ನೋಟು ತೆಗೆದು ಚಾಚಿದ. ಅವರು ಮುಟ್ಟಲಿಲ್ಲ. "ದುಡ್ಡು ಬೇಡ ತಮ್ಮಾ, ಸ್ವಲ್ಪ ಮೆಲ್ಲಗೆ ಬಾ ಅಷ್ಟೆ" ಎಂದು ಹುಲ್ಲು ಕಟ್ಟಿಕೊಂಡು ಹೋದರು. ಆಮೇಲೆ ನನ್ನ ಮುಖ ನೋಡಿ "ನೀವಾದರೂ ಹೇಳಬಾರದಾ ಸ್ವಾಮಿ" ಎಂದದ್ದು ಇವತ್ತಿಗೂ ಕಿವಿಯಲ್ಲಿದೆ.

ಹೌದು, ನಾನಾದರೂ ಹೇಳಬೇಕಿತ್ತು. ಆ ತಿರುವಿಗೆ ಎಷ್ಟು ವೇಗ ಸಲ್ಲುತ್ತದೆ ಎಂಬುದು ಆ ಕಾರಿನಲ್ಲಿದ್ದ ಇಬ್ಬರಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು.

ರಸ್ತೆಯ ಲೆಕ್ಕ ಏನು ಹೇಳುತ್ತದೆ ನೋಡಿ. ಚಾಲಕ ಎದುರಿನ ಅಡ್ಡಿಯನ್ನು ಕಂಡು, ಅರ್ಥಮಾಡಿಕೊಂಡು, ಬ್ರೇಕಿನ ಮೇಲೆ ಕಾಲಿಡಲು ಎರಡೂವರೆ ಸೆಕೆಂಡು ಬೇಕು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮ ಹಿಡಿಯುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ವಾಹನ ಪೂರ್ತಿ ನಿಲ್ಲಲು 60 ಮೀಟರ್ ದೂರ ಕಾಣಿಸುವಂತಿರಬೇಕು. 100 ಕಿ.ಮೀ. ವೇಗಕ್ಕೆ ಅದು 180 ಮೀಟರ್. ವೇಗ ಎರಡು ಪಟ್ಟಾದರೆ ದೂರ ಮೂರು ಪಟ್ಟು. ನಮ್ಮ ಮಲೆನಾಡಿನ ಅಂಚಿನ ರಸ್ತೆಗಳಲ್ಲಿ, ಕೆರೆ ಏರಿ, ತೋಟದ ಬೇಲಿ, ಬಿದಿರು ಮೆಳೆಗಳ ನಡುವೆ, 180 ಮೀಟರ್ ಮುಂದಕ್ಕೆ ಕಾಣುವ ತಿರುವು ಎಷ್ಟಿವೆ ಹೇಳಿ?

"ನಮ್ಮ ಕಾರಿನ ಬ್ರೇಕ್ ಬೇರೆ" ಎಂದು ಈ ಹುಡುಗರು ಹೇಳುತ್ತಾರೆ. ಬ್ರೇಕ್ ಬೇರೆ ಇರಬಹುದು, ಕಣ್ಣು ಮತ್ತು ಮಿದುಳು ಎಲ್ಲರಿಗೂ ಒಂದೇ. 120ರಲ್ಲಿ ಹೋಗುವ ಕಾರು ಆ ಎರಡೂವರೆ ಸೆಕೆಂಡಿನಲ್ಲೇ 80 ಮೀಟರಿಗೂ ಹೆಚ್ಚು ದೂರ ಕ್ರಮಿಸಿರುತ್ತದೆ, ಬ್ರೇಕಿಗೆ ಇನ್ನೂ ಕಾಲೇ ತಾಗಿರುವುದಿಲ್ಲ. ಮೂರು ಕೋಟಿಯ ಕಾರಿನವನಿಗೂ ಆ 80 ಮೀಟರ್ ಕೊಂಡುಕೊಳ್ಳಲು ಬರುವುದಿಲ್ಲ. ಡಿಕ್ಕಿಯ ಹೊಡೆತದ ಲೆಕ್ಕವಂತೂ ಇನ್ನೂ ಕಠಿಣ. 40ರಲ್ಲಿ ಹೋಗುವ ಕಾರಿಗಿಂತ 120ರಲ್ಲಿ ಹೋಗುವ ಅದೇ ಕಾರಿನ ಶಕ್ತಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಒಳಗೆ ಕೂತವನಿಗೆ ಏರ್‌ಬ್ಯಾಗ್ ಇದೆ, ಉಕ್ಕಿನ ಚೌಕಟ್ಟು ಇದೆ. ಹುಲ್ಲು ಹೊತ್ತವನಿಗೆ ಏನಿದೆ?

ಅದಲ್ಲದೆ ನಮ್ಮ ರಸ್ತೆ ಬರೀ ವಾಹನಕ್ಕೆ ಇರುವುದಲ್ಲ. ಸುಗ್ಗಿಯಲ್ಲಿ ಅದರ ಮೇಲೆ ಭತ್ತ, ಮೆಕ್ಕೆಜೋಳ ಒಣಗುತ್ತದೆ. ಸಂಜೆ ದನ ಬರುತ್ತವೆ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ನಿಂತಿರುತ್ತದೆ. ಇವೂ ತಪ್ಪೇ, ತಿದ್ದಿಕೊಳ್ಳಬೇಕಾದವೇ. ಆದರೆ ಮೆಲ್ಲಗೆ ಬರುವವನಿಗೆ ಈ ತಪ್ಪುಗಳನ್ನು ದಾಟಿಕೊಂಡು ಹೋಗಲು ಅವಕಾಶವಿದೆ. ಹಾರಿಕೊಂಡು ಬರುವವನಿಗೆ ಇಲ್ಲ.

ಈಗ ನಮ್ಮ ರಾಜಧಾನಿಯ ಕಡೆ ನೋಡೋಣ. 2020ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಒಂದು ಲ್ಯಾಂಬೊರ್ಗಿನಿ ಕಬ್ಬನ್ ಪಾರ್ಕ್ ಬಳಿಯ ಸಂಚಾರ ಪೊಲೀಸ್ ಚೌಕಿಗೇ ನುಗ್ಗಿತು. ಅದೇ ತಿಂಗಳು ಮೇಖ್ರಿ ವೃತ್ತದ ಹತ್ತಿರ ಬೆಂಟ್ಲಿ ಕಾರೊಂದು ಆಟೋಗೂ ಬೈಕಿಗೂ ಗುದ್ದಿ ಜನ ಗಾಯಗೊಂಡರು. 2021ರ ಆಗಸ್ಟ್ 31ರ ನಡುರಾತ್ರಿ ಕೋರಮಂಗಲದಲ್ಲಿ ಆಡಿ ಕಾರು ಗೋಡೆಗೆ ಅಪ್ಪಳಿಸಿ ಏಳು ಮಂದಿ ಎಳೆಯರು ತೀರಿಹೋದರು. ಯಾರೂ ಸೀಟ್ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಆ ಕಾರಿನಲ್ಲಿ ಏಳು ಜನ ಇದ್ದರು. "ನಿಧಾನ ಹೋಗು" ಎಂದು ಹೇಳಬಹುದಾದವರು ಆರು ಜನ ಇದ್ದರು ಎಂದು ನನಗೆ ಈಗ ಅನ್ನಿಸುತ್ತದೆ. ಯಾರಾದರೂ ಹೇಳಿದರೋ ಇಲ್ಲವೋ, ತಿಳಿಯುವ ದಾರಿಯಿಲ್ಲ. ನಾನಂತೂ ಹೇಳಿರಲಿಲ್ಲ.

2024ರ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ 17 ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಇಬ್ಬರು ಯುವ ಎಂಜಿನಿಯರುಗಳನ್ನು ಬಲಿ ತೆಗೆದುಕೊಂಡಿತು. ಆ ಕಾರು ಬೆಂಗಳೂರಿನ ಮಾರಾಟಗಾರರ ಮೂಲಕ, ನಮ್ಮ ರಾಜ್ಯದ ತಾತ್ಕಾಲಿಕ ನೋಂದಣಿಯ ಮೇಲೆ ಅಲ್ಲಿಗೆ ಹೋಗಿತ್ತು. ಕಾಯಂ ನೋಂದಣಿಗೆ ಕಟ್ಟಬೇಕಿದ್ದ ಬಾಕಿ ಶುಲ್ಕ 1,758 ರೂಪಾಯಿ ಮಾತ್ರ. ಅದನ್ನು ಕಟ್ಟದೆಯೇ ಕಾರು ರಸ್ತೆಗೆ ಇಳಿದಿತ್ತು. ಅಷ್ಟು ಬೆಲೆಯ ಕಾರನ್ನು ಲೈಸೆನ್ಸ್ ಪಡೆಯುವ ವಯಸ್ಸೇ ಆಗದ ಮಗನ ಕೈಗೆ ಕೊಟ್ಟದ್ದು ಮನೆ. ಅಪಘಾತವಾದ ಮೇಲೆ ರಕ್ತದ ಮಾದರಿಯನ್ನೇ ಬದಲಾಯಿಸಿದರು ಎಂಬ ಆರೋಪ ಬಂದು ಹೆತ್ತವರು, ವೈದ್ಯರು ಬಂಧನಕ್ಕೆ ಒಳಗಾದರು. ಮೊದಲ ದಿನ ಸಿಕ್ಕ ಜಾಮೀನಿನ ಷರತ್ತುಗಳಲ್ಲಿ ಒಂದು, ಅಪಘಾತದ ಬಗ್ಗೆ 300 ಪದಗಳ ಪ್ರಬಂಧ. ಈ ಲೇಖನವೇ ಅದಕ್ಕಿಂತ ಉದ್ದವಾಯಿತು.

"ರಾಜ್ಯದಲ್ಲಿ ಸ್ಪೋರ್ಟ್ಸ್ ಕಾರು ಎಷ್ಟಿದ್ದಾವು? ಜನ ಸಾಯುವುದು ಬೈಕಿನಿಂದ, ಲಾರಿಯಿಂದ, ಬಸ್ಸಿನಿಂದ" ಎಂದು ಒಬ್ಬ ಮಿತ್ರರು ನನ್ನ ಜೊತೆ ವಾದ ಮಾಡಿದರು. ಅವರ ಮಾತು ಸರಿ. ಕೇಂದ್ರ ಸರಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕರ್ನಾಟಕದಲ್ಲೇ 11,702. ಈ ಸಾವುಗಳಲ್ಲಿ ಸ್ಪೋರ್ಟ್ಸ್ ಕಾರಿನ ಪಾಲು ತೀರ ಚಿಕ್ಕದು. ಆದರೆ ದೇಶದ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ ಅತಿವೇಗವೇ ಕಾರಣ ಎಂದು ಅದೇ ವರದಿ ಹೇಳುತ್ತದೆ. ಅತಿವೇಗ ಎಂದರೆ ಗಂಡಸುತನ, ದುಡ್ಡು, ದೊಡ್ಡಸ್ತಿಕೆ ಎಂದು ನಮ್ಮ ಹುಡುಗರಿಗೆ ಕಲಿಸುವವರು ಯಾರು? ಹಳದಿ ಕಾರಿನ ಫೋಟೋ ತೆಗೆದ ಹುಡುಗರಲ್ಲಿ ಒಬ್ಬನು ಮರುದಿನವೇ ತನ್ನ ಬೈಕಿನ ಸೈಲೆನ್ಸರ್ ಕಿತ್ತು ಬೇರೆ ಹಾಕಿಸಿಕೊಂಡು ಬಂದ. ಅವನ ಬಳಿ ಕೋಟಿ ಇಲ್ಲ, ಸದ್ದು ಮಾತ್ರ ಕೊಳ್ಳಬಲ್ಲ. ದೊಡ್ಡವರು ದಾರಿ ಹಾಕುತ್ತಾರೆ, ಚಿಕ್ಕವರು ನಡೆಯುತ್ತಾರೆ.

ಸ್ವಂತ ಕಾಯಕದಿಂದ ದುಡಿದು ಒಬ್ಬನು ಒಳ್ಳೆಯ ಕಾರು ಕೊಂಡರೆ ನನಗೆ ಹೊಟ್ಟೆಕಿಚ್ಚಿಲ್ಲ. ಕಾರು ಅವನದು, ಒಪ್ಪುತ್ತೇನೆ. ರಸ್ತೆ ಅವನದಲ್ಲ. ಎಕ್ಸೆಲ್ ಗಾಡಿಗೆ ಹಾಕಿಸುವ ಒಂದೊಂದು ಲೀಟರ್ ಪೆಟ್ರೋಲಿನಲ್ಲೂ ತೆರಿಗೆ ಕಟ್ಟಿ ಆ ಹಿರಿಯರು ರಸ್ತೆಯಲ್ಲಿ ಪಾಲು ಪಡೆದಿದ್ದಾರೆ. ವಿಪರ್ಯಾಸ ನೋಡಿ, 2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಇಲ್ಲಿನ ತೆರಿಗೆ ಕಟ್ಟದೆ ಓಡಾಡುತ್ತಿದ್ದ 30 ಐಷಾರಾಮಿ ಕಾರುಗಳನ್ನು ಹಿಡಿದರು. ಫೆರಾರಿ, ಪೋರ್ಷೆ ಎಲ್ಲ ಅದರಲ್ಲಿದ್ದವು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರದ ನೋಂದಣಿಯ ಒಂದೇ ಒಂದು ಫೆರಾರಿಯಿಂದ ಸುಮಾರು 1 ಕೋಟಿ 41 ಲಕ್ಷ ರೂಪಾಯಿ ತೆರಿಗೆ ವಸೂಲಾಯಿತು. ಆ ಹಣದಲ್ಲಿ ನಮ್ಮ ಕಡೆಯ ಎಷ್ಟೋ ಮೋರಿಗಳ ದುರಸ್ತಿ ಆಗುತ್ತದೆ ಎಂದು ನನ್ನ ಹಳೆಯ ಅಭ್ಯಾಸದ ಮನಸ್ಸು ಲೆಕ್ಕ ಹಾಕಿತು.

ಇನ್ನು ಕಾನೂನು. ಕೇಂದ್ರದ ಕಾಯ್ದೆಯಲ್ಲಿ ಕಾರಿನ ಅತಿವೇಗಕ್ಕೆ ದಂಡ 1,000ದಿಂದ 2,000 ರೂಪಾಯಿ. ಕೂಲಿಯವನಿಗೆ ಅದು ಎರಡು ಮೂರು ದಿನದ ಅನ್ನ. ಕೋಟಿಯ ಕಾರಿನವನಿಗೆ ಅದು ದಂಡವಲ್ಲ, ವೇಗದ ಟಿಕೆಟ್ ದರ. ಸಾಲದ್ದಕ್ಕೆ 2023ರಲ್ಲಿ, ಮತ್ತೆ 2025ರಲ್ಲಿ, ಬಾಕಿ ಸಂಚಾರ ದಂಡಕ್ಕೆ ನಮ್ಮ ಸರಕಾರವೇ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತು. ಬಟ್ಟೆ ಅಂಗಡಿಯ ಆಷಾಢದ ಸೇಲಿನಂತೆ ಜನ ಸಾಲು ನಿಂತು ಕಟ್ಟಿದರು. ಖಜಾನೆ ತುಂಬಿತು ನಿಜ. ತಪ್ಪಿಗೂ ಡಿಸ್ಕೌಂಟ್ ಇದೆ ಎಂಬ ಪಾಠವನ್ನೂ ಜನ ಕಲಿತರು. ಸರಕಾರವೂ ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂತ ಹಾಗಾಯಿತು.

ಫಿನ್‌ಲ್ಯಾಂಡ್ ದೇಶದಲ್ಲಿ ದಂಡವನ್ನು ಆದಾಯ ನೋಡಿ ಹಾಕುತ್ತಾರೆ. 2023ರಲ್ಲಿ ಅಲ್ಲಿನ ಆಂಡರ್ಸ್ ವಿಕ್ಲಾಫ್ ಎಂಬ ಶ್ರೀಮಂತ ಉದ್ಯಮಿ 50 ಕಿ.ಮೀ. ಮಿತಿಯಿದ್ದ ಕಡೆ 82ರಲ್ಲಿ ಹೋದದ್ದಕ್ಕೆ 1,21,000 ಯೂರೋ, ಅಂದರೆ ನಮ್ಮ ಒಂದು ಕೋಟಿ ರೂಪಾಯಿಗೂ ಹೆಚ್ಚು, ದಂಡ ಬಿತ್ತು. ನಮ್ಮಲ್ಲಿ ಎಲ್ಲರ ಆದಾಯ ಹಿಡಿಯುವುದು ಕಷ್ಟ ಎಂದಾದರೆ ವಾಹನದ ಬೆಲೆಯ ಮೇಲೆ ದಂಡ ನಿಗದಿ ಮಾಡಲಿ. ಜೀವಾವಧಿ ತೆರಿಗೆಯನ್ನು ಕಾರಿನ ಬೆಲೆ ನೋಡಿಯೇ ಹಾಕುವ ಸರಕಾರಕ್ಕೆ ಇದು ಹೊಸ ವಿದ್ಯೆಯಲ್ಲ. ಅತಿವೇಗ, ಕುಡಿದು ಓಡಿಸುವುದು, ಅಪಾಯದ ಚಾಲನೆ, ಈ ಮೂರಕ್ಕೆ ಯಾವ ಕಾಲಕ್ಕೂ ರಿಯಾಯಿತಿ ಕೂಡದು.

ಆದರೆ ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನಮ್ಮ ಪದ್ಧತಿಯಾಗಬಾರದು. ಹೊಸ ಕಾರು ಬಂದರೆ ಮಠದ ಮುಂದೆ ತಂದು ನಿಲ್ಲಿಸುತ್ತೇವೆ. ಹೂವಿನ ಹಾರ ಹಾಕಿ, ನಾಲ್ಕು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ. ಮೂಢನಂಬಿಕೆ ಬಿಡಿ ಎಂದು ಇದೇ ಪತ್ರಿಕೆಯಲ್ಲಿ ಓದುತ್ತೇವೆ, ನಿಂಬೆಹಣ್ಣು ಬಿಡುವುದಿಲ್ಲ. ಅಪಘಾತ ತಪ್ಪಿಸುವುದು ನಿಂಬೆಹಣ್ಣಲ್ಲ, ಬಲಗಾಲಿನ ಮೇಲಿನ ಹಿಡಿತ. ಆಶೀರ್ವಾದ ಕೇಳಲು ಬಂದವರಿಗೆ ಪೂಜ್ಯರು ಒಂದು ಮಾತು ಕೇಳಲಿ ಎಂದು ಪ್ರಾರ್ಥಿಸುತ್ತೇನೆ: "ಬೆಲ್ಟ್ ಹಾಕುತ್ತೀಯಾ? ಮಿತಿಯಲ್ಲಿ ಓಡಿಸುತ್ತೀಯಾ?" ಹೂಂ ಎಂದ ಮೇಲೆ ವಿಭೂತಿ ಕೊಡಲಿ. ಪೊಲೀಸರ ಕ್ಯಾಮೆರಾಕ್ಕೆ ಹೆದರದ ಹುಡುಗ ಗುರುಗಳಿಗೆ ಕೊಟ್ಟ ಮಾತಿಗೆ ಅಂಜಿಯಾನು.

ಮನೆಯ ಹಿರಿಯರು ಮಾಡಬೇಕಾದದ್ದೂ ಇದೆ. 18 ತುಂಬದ ಮಗನ ಕೈಗೆ ಬೀಗದ ಕೈ ಕೊಡಬೇಡಿ. ಅವನು ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಒಂದು ವರ್ಷ ವಾಹನದ ನೋಂದಣಿ ರದ್ದು, ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ ಎಂದು 2019ರ ತಿದ್ದುಪಡಿ ಹೇಳುತ್ತದೆ. ಮದುವೆಯಲ್ಲಿ ಅಳಿಯನಿಗೆ ಕಾರು ಕೊಡುವ, ಕೇಳುವ ಚಾಳಿ ನಿಲ್ಲಲಿ. ಬೆವರು ಸುರಿಸದೆ ಬಂದ ಕಾರಿನ ಬೆಲೆ ಅದನ್ನು ಓಡಿಸುವವನಿಗೆ ತಿಳಿಯುವುದಿಲ್ಲ. ದಿಬ್ಬಣದ ಮುಂದೆ ಎಂಜಿನ್ ಗುರುಗುಟ್ಟಿಸುವವನಿಗೆ ಚಪ್ಪಾಳೆ ಬೇಡ.

ಅಂದು ಜಡೆಗೆ ವಾಪಸು ಬರುವಾಗ ಹುಡುಗ 40ರ ಮೇಲೆ ಹೋಗಲಿಲ್ಲ. ಬಹಳ ಹೊತ್ತು ಮಾತಿರಲಿಲ್ಲ. ಕೊನೆಗೆ "ನೀವು ಮೊದಲೇ ಒಂದು ಮಾತು ಹೇಳಿದ್ದರೆ ನಿಧಾನ ಮಾಡ್ತಿದ್ದೆ ದೊಡ್ಡಪ್ಪ" ಎಂದ. ನನಗೆ ಉತ್ತರ ಕೊಡಲಾಗಲಿಲ್ಲ. ಮರುವಾರ ಆ ಹಿರಿಯರ ಮನೆ ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿ ಬಂದೆ. ಅವರು ಕೂರಿಸಿ ಚಹಾ ಕೊಟ್ಟರು.

ಪಕ್ಕದ ಸೀಟಿನಲ್ಲಿ ಕೂತವರೇ, ಅದು ಸ್ಪೋರ್ಟ್ಸ್ ಕಾರಾಗಲಿ, ಮಗನ ಬೈಕಿನ ಹಿಂಬದಿಯಾಗಲಿ, ಜಾತ್ರೆಗೆ ಹೊರಟ ಟ್ರ್ಯಾಕ್ಟರಾಗಲಿ, ಬಾಯಿಬಿಟ್ಟು ಹೇಳಿ: "ಮೆಲ್ಲಗೆ ಹೋಗಪ್ಪಾ." ಕೇಳದಿದ್ದರೆ ಇಳಿದುಬಿಡಿ.

ಶರಣು.