ಐದು ರಾತ್ರಿಗಳ ಬೆಲೆಗೆ ಮಾರಾಟವಾದ ಹಿಮಾಲಯ

ಬೇಸಿಗೆ ರಜೆ ಸಮೀಪಿಸಿತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಪತ್ರಿಕೆಗಳಲ್ಲಿ ಒಂದೇ ಬಗೆಯ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ಹಿಮ ಹೊದ್ದ ಶಿಖರ, ಅದರ ಮುಂದೆ ಬಾಡಿಗೆಯ ಉಣ್ಣೆಯಂಗಿ ತೊಟ್ಟು ನಗುವ ಸಂಸಾರ, ಮೇಲೆ ದಪ್ಪಕ್ಷರಗಳಲ್ಲಿ ‘ಶಿಮ್ಲಾ-ಕುಲು-ಮನಾಲಿ: ಐದು ರಾತ್ರಿ, ಆರು ಹಗಲು’. ವಿಮಾನ, ವಾಹನ, ವಸತಿ, ದಕ್ಷಿಣ ಭಾರತದ ಊಟ ಎಲ್ಲವೂ ಆ ಮೊತ್ತದಲ್ಲಿ ಸೇರಿವೆ ಎಂಬ ಭರವಸೆ ಕೆಳಗಿರುತ್ತದೆ. ಬೆಟ್ಟ ತೆರುವ ಬೆಲೆ ಮಾತ್ರ ಆ ಮೊತ್ತದಲ್ಲಿ ಸೇರಿರುವುದಿಲ್ಲ. ಅದನ್ನು ಯಾರು, ಎಷ್ಟು ಕಾಲ ತೆರುತ್ತಾರೆ ಎಂಬ ಪ್ರಶ್ನೆಯನ್ನು ಕೇಳುವ ಕಾಲ ಎಂದೋ ಬಂದಿದೆ.

ಈ ಬಗೆಯ ಪ್ರವಾಸದ ಅಂಗರಚನೆ ಸರಳ. ಚಂಡೀಗಢದಲ್ಲಿ ಇಳಿದು ಶಿಮ್ಲಾದಲ್ಲಿ ಎರಡು ರಾತ್ರಿ, ನಡುವೆ ಕುಫ್ರಿಯಲ್ಲಿ ಕುದುರೆ ಸವಾರಿ. ಮರುದಿನ ಬಿಯಾಸ್ ನದಿಯ ದಡದಗುಂಟ ದೀರ್ಘ ಪಯಣ. ಮನಾಲಿಯಲ್ಲಿ ಎರಡು ಮೂರು ರಾತ್ರಿ. ಸೋಲಂಗ್, ಅಟಲ್ ಸುರಂಗ, ಮತ್ತೆ ಚಂಡೀಗಢ. ಹಗಲಿನ ಬಹುಪಾಲು ವಾಹನದೊಳಗೆ ಕಳೆಯುತ್ತದೆ. ಪ್ರವಾಸಿಯು ಬೆಟ್ಟವನ್ನು ಕಿಟಕಿಯಿಂದ ನೋಡುತ್ತಾನೆ. ಬೆಟ್ಟವಾದರೋ ಅವನನ್ನು ನೀರಿನ ಲೆಕ್ಕದಲ್ಲಿ, ಕೊಳಚೆಯ ಲೆಕ್ಕದಲ್ಲಿ, ಹೊಗೆಯ ಲೆಕ್ಕದಲ್ಲಿ ಅರಿಯುತ್ತದೆ.

ಹತ್ತುವ ನೀರು, ಇಳಿಯುವ ಕೊಳಚೆ

ಹಿಮಾಲಯದ ಹೆಚ್ಚಿನ ಗಿರಿಧಾಮಗಳು ಬೆಟ್ಟದ ನೆತ್ತಿಯಲ್ಲಿವೆ, ನೀರು ಕಣಿವೆಯಲ್ಲಿದೆ. 1864ರಲ್ಲಿ ಬ್ರಿಟಿಷ್ ಸರ್ಕಾರದ ಬೇಸಿಗೆ ರಾಜಧಾನಿಯಾದ, 1903ರಲ್ಲಿ ರೈಲು ಕಂಡ ಶಿಮ್ಲಾವನ್ನು ಕೆಲವೇ ಸಾವಿರ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಲಾಗಿತ್ತು. ಇಂದು ಆ ಊರು ಗುಮ್ಮಾ, ಗಿರಿ ಮೊದಲಾದ ಕೆಳಗಿನ ಮೂಲಗಳಿಂದ ಪಂಪುಗಳ ಮೂಲಕ ನೀರನ್ನು ಮೇಲಕ್ಕೆಳೆದು ಬದುಕುತ್ತಿದೆ.

2018ರ ಮೇ ಕೊನೆಯಲ್ಲಿ ಏನಾಯಿತೆಂಬುದನ್ನು ದೇಶವೇ ಕಂಡಿತು. ದಿನಕ್ಕೆ ಸುಮಾರು 4.5 ಕೋಟಿ ಲೀಟರ್ ಬೇಕಿದ್ದ ನಗರಕ್ಕೆ ಅದರ ಅರ್ಧದಷ್ಟೂ ದೊರೆಯದ ದಿನಗಳು ಬಂದವು. ಜನ ನಡುರಾತ್ರಿಯಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾದರು. ಶಾಲೆಗಳಿಗೆ ರಜೆ ಕೊಡಲಾಯಿತು, ಬೇಸಿಗೆ ಉತ್ಸವ ಮುಂದೂಡಲ್ಪಟ್ಟಿತು. ನಿರ್ಮಾಣ ಕಾಮಗಾರಿಯನ್ನೂ ಕಾರು ತೊಳೆಯುವುದನ್ನೂ ಒಂದು ವಾರ ನಿಲ್ಲಿಸುವಂತೆ ಉಚ್ಚ ನ್ಯಾಯಾಲಯ ಆಜ್ಞಾಪಿಸಬೇಕಾಯಿತು. ಪ್ರವಾಸಿಗರು ದಯವಿಟ್ಟು ಬರಬೇಡಿರಿ ಎಂದು ಶಿಮ್ಲಾದ ನಿವಾಸಿಗಳೇ ಬಹಿರಂಗವಾಗಿ ಬೇಡಿಕೊಂಡರು. ಅತಿಥಿಯನ್ನು ದೇವರೆನ್ನುವ ನೆಲದಲ್ಲಿ ಜನ ಇಂಥ ಮಾತಾಡಬೇಕಾದರೆ ಅವರ ಗಂಟಲು ಎಷ್ಟು ಒಣಗಿರಬೇಕು?

ನೀರು ಮೇಲೇರಿದರೆ ಕೊಳಚೆ ಕೆಳಗಿಳಿಯಲೇಬೇಕು. 2015ರ ಕೊನೆಯಿಂದ 2016ರ ಆರಂಭದವರೆಗೆ ಶಿಮ್ಲಾವನ್ನು ಕಾಡಿದ ಕಾಮಾಲೆಯ ಮೂಲ ಅಶ್ವನಿ ಖಡ್ಡ್ ಎಂಬ ಹೊಳೆಯಲ್ಲಿತ್ತು. ಮೇಲ್ಭಾಗದ ಶುದ್ಧೀಕರಣ ಘಟಕದಿಂದ ಸರಿಯಾಗಿ ಸಂಸ್ಕರಿಸದ ಮಲಿನ ನೀರು ಅದೇ ಹೊಳೆಗೆ ಸೇರುತ್ತಿತ್ತು. ಕೆಳಭಾಗದಲ್ಲಿ ಅದೇ ನೀರನ್ನು ಕುಡಿಯಲು ಎತ್ತಲಾಗುತ್ತಿತ್ತು. ಸಾವುಗಳೂ ಸಂಭವಿಸಿದವು.

ಊರುಗಳಾಚೆಯ ಹಳ್ಳಿಗಳ ಕಥೆ ಪತ್ರಿಕೆಗಳಲ್ಲಿ ಬರುವುದು ಕಡಿಮೆ. ಕಣಿವೆಯ ತಳದಲ್ಲಿ ಭೋರ್ಗರೆಯುವ ನದಿಯು ಮೇಲಿನ ಹಳ್ಳಿಯ ಪಾಲಿಗೆ ಕೇವಲ ಸದ್ದು. ಅವರಿಗೆ ನೀರುಣಿಸುವುದು ಇಳಿಜಾರಿನ ಒರತೆ, ಮಲೆನಾಡಿನ ಮನೆಗಳಿಗೆ ಅಬ್ಬಿನೀರು ಇದ್ದಂತೆ. ಕುಮಾವ್‌ನಲ್ಲಿ ಅದು ನೌಲಾ, ಗಢವಾಲದಲ್ಲಿ ಧಾರಾ, ಹಿಮಾಚಲದಲ್ಲಿ ಬಾವಡಿ. ಭಾರತೀಯ ಹಿಮಾಲಯದ ಸುಮಾರು 30 ಲಕ್ಷ ಒರತೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬತ್ತಿವೆ ಅಥವಾ ಬತ್ತುತ್ತಿವೆ ಎಂದು ನೀತಿ ಆಯೋಗದ 2018ರ ವರದಿಯೇ ಹೇಳಿದೆ. ಕಾರಣಗಳು ಹಲವು: ಮಳೆಯ ರೀತಿ ಬದಲಾಗಿದೆ, ಎಲೆಗೊಬ್ಬರದ ಮೆತ್ತೆಯಲ್ಲಿ ನೀರು ಹಿಡಿದಿಡುವ ಬಾಂಜ್ ಓಕ್ ಕಾಡು ತೆರವಾಗಿ, ಬೆಂಕಿಗೆ ಬೇಗ ತುತ್ತಾಗುವ ಚೀಡ್ ಪೈನ್ ಹಬ್ಬಿದೆ. ಇವುಗಳ ಜೊತೆಗೆ ಅಗಲವಾಗುತ್ತಿರುವ ರಸ್ತೆಯು ಗುಡ್ಡವನ್ನು ಕಡಿದಾಗ ಒರತೆಯ ಒಳದಾರಿಯೂ ಕಡಿದುಹೋಗುತ್ತದೆ. ಕಾಂಕ್ರೀಟು ಹಾಸಿದಲ್ಲಿ ಮಳೆನೀರು ನೆಲಕ್ಕಿಳಿಯದೆ ಹರಿದುಹೋಗುತ್ತದೆ. ಒರತೆ ಬತ್ತಿದ ಮೇಲೆ ಕೊಡ ಹೊತ್ತು ಇನ್ನೂ ಒಂದು ತಿರುವು ಕೆಳಗಿಳಿಯುವವಳು ಆ ಹಳ್ಳಿಯ ಹೆಂಗಸು. ಮೇಲಿನ ಹೋಟೆಲಿನಲ್ಲಿ ಬಿಸಿನೀರಿನ ನಲ್ಲಿ ತಿರುಗಿಸುವವರ ಕಣ್ಣಿಗೆ ಅವಳು ಬೀಳುವುದಿಲ್ಲ.

ಮರೆತ ಗುಡ್ಡ, ಮರೆಯದ ಗುಡ್ಡ

ಹಿಮಾಲಯವು ಭೂವಿಜ್ಞಾನದ ಲೆಕ್ಕದಲ್ಲಿ ಇನ್ನೂ ಎಳೆಯ ಪರ್ವತ. ಅದರ ಶಿಲೆ ಮುರುಕು, ಅದರ ಮೇಲಿನ ಮಣ್ಣು ತೆಳು. ಇಳಿಜಾರಿನ ಬುಡವನ್ನು ನೇರವಾಗಿ ಕಡಿದರೆ ಮೇಲಿನ ಭಾರಕ್ಕೆ ಆಧಾರವಿರುವುದಿಲ್ಲ. ಮಳೆನೀರು ಒಳಹೊಕ್ಕಾಗ ಆ ಭಾರ ಜಾರುತ್ತದೆ. ಇದನ್ನು ತಿಳಿಯಲು ದೊಡ್ಡ ಪಾಂಡಿತ್ಯ ಬೇಡ. ನೈನಿತಾಲ್ ತಿಳಿದದ್ದು 1880ರ ಸೆಪ್ಟೆಂಬರ್ 18ರಂದು. ಎಡೆಬಿಡದ ಮಳೆಯ ನಂತರ ಗುಡ್ಡ ಕುಸಿದು 151 ಜನ ಸತ್ತರು. ಆ ಬಳಿಕ ಇಳಿಜಾರುಗಳಲ್ಲಿ ಮಳೆನೀರು ಹರಿದುಹೋಗಲು ಕಾಲುವೆಗಳ ಜಾಲವನ್ನೇ ಕಟ್ಟಿದರು. ಆಳುವವರು ಪರಕೀಯರಾಗಿದ್ದರೂ ಹೆದರುವಷ್ಟು ವಿವೇಕ ಅವರಲ್ಲಿತ್ತು.

ಆ ಹೆದರಿಕೆ ಇಂದು ಎಲ್ಲಿದೆ? ಜೋಶಿಮಠವು ಹಳೆಯ ಭೂಕುಸಿತದ ಹೂಳಿನ ಮೇಲೆ ನಿಂತಿದೆ, ಅಲ್ಲಿ ಭಾರಿ ನಿರ್ಮಾಣ ಸಲ್ಲದು ಎಂದು ಮಿಶ್ರಾ ಸಮಿತಿ 1976ರಲ್ಲೇ ಎಚ್ಚರಿಸಿತ್ತು. 2023ರ ಜನವರಿಯಲ್ಲಿ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳು ಬಿರುಕು ಬಿಟ್ಟಾಗ ಆ ವರದಿಯ ದೂಳು ಕೊಡವಲಾಯಿತು. ಅದೇ ವರ್ಷದ ಜುಲೈಯಲ್ಲಿ ಬಿಯಾಸ್ ಉಕ್ಕಿ ತನ್ನ ಪಾತ್ರಕ್ಕೆ ಒತ್ತಿಕೊಂಡು ಕಟ್ಟಿದ್ದನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಆಗಸ್ಟ್ 14ರಂದು ಶಿಮ್ಲಾದ ಸಮ್ಮರ್ ಹಿಲ್‌ನಲ್ಲಿ ಶಿವಮಂದಿರದ ಮೇಲೆ ಗುಡ್ಡ ಕುಸಿದು 20 ಜನ ಮಡಿದರು. ನೂರಿಪ್ಪತ್ತು ವರ್ಷದ ರೈಲುಹಳಿ ಅಡಿಪಾಯವಿಲ್ಲದೆ ಗಾಳಿಯಲ್ಲಿ ತೂಗಾಡಿತು.

2025ರ ಆಗಸ್ಟ್ 5ರಂದು ಗಂಗೋತ್ರಿ ಮಾರ್ಗದ ಧರಾಲಿಯಲ್ಲಿ ನಡೆದದ್ದು ಇನ್ನೂ ಸ್ಪಷ್ಟ ಪಾಠ. ಕಡಿದಾದ ಉಪನದಿಯೊಂದು ಮುಖ್ಯ ಕಣಿವೆಯನ್ನು ಸೇರುವಲ್ಲಿ ಬಂಡೆ ಮತ್ತು ಹೂಳನ್ನು ಬೀಸಣಿಗೆಯಾಕಾರದಲ್ಲಿ ಹರಡುತ್ತದೆ. ಬೆಟ್ಟಗಾಡಿನಲ್ಲಿ ದುರ್ಲಭವಾದ ಸಮತಟ್ಟು ನೆಲ ಅದು. ಅದು ನದಿ ಹಾಸಿದ ಹಾಸಿಗೆ, ಎಂದಾದರೂ ಮರಳಿ ಬಂದು ಮಲಗುವ ಹಕ್ಕು ನದಿಯದೇ. ಧರಾಲಿಯಲ್ಲಿ ಆ ನೆಲದ ಮೇಲೆ ಯಾತ್ರಿಕರಿಗಾಗಿ ಹೋಟೆಲು, ಹೋಂಸ್ಟೇಗಳು ಎದ್ದಿದ್ದವು. ಖೀರ್‌ಗಂಗೆ ಕೆಲವೇ ಕ್ಷಣಗಳಲ್ಲಿ ಅವನ್ನು ಹೂತುಹಾಕಿತು. ಹಿಂದೊಮ್ಮೆ ಇದೇ ಹೂಳಿನಡಿ ಹುದುಗಿ, ಅಗೆದು ಹೊರತೆಗೆಯಲಾಗಿದ್ದ ಕಲ್ಪಕೇದಾರ ದೇಗುಲವೂ ಮತ್ತೆ ಹೂತುಹೋಯಿತು. ದೇಗುಲವೇ ಸಾಕ್ಷಿ ನುಡಿದಿದ್ದರೂ ಯಾರೂ ಕೇಳಿಸಿಕೊಂಡಿರಲಿಲ್ಲ.

ಕಾನೂನಿನ ಬೇಲಿ, ಸುರಂಗದ ಕಿಂಡಿ

ಬೇಲಿ ಹಾಕಿಲ್ಲವೆಂದಲ್ಲ. ರೋಹ್ತಾಂಗ್ ಕಣಿವೆದಾರಿಯ ಹಿಮದ ಮೇಲೆ ಮಸಿ ಕೂರುತ್ತಿದೆಯೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದಿನಕ್ಕೆ 800 ಪೆಟ್ರೋಲ್, 400 ಡೀಸೆಲ್ ವಾಹನಗಳ ಮಿತಿ ವಿಧಿಸಿತು. ಮಸಿ ಕೂತ ಹಿಮ ಬಿಸಿಲನ್ನು ಹೀರಿ ಬೇಗ ಕರಗುತ್ತದೆಂಬುದು ಅದರ ಹಿಂದಿನ ತರ್ಕ. 2020ರ ಅಕ್ಟೋಬರ್‌ನಲ್ಲಿ ಅದೇ ಬೆಟ್ಟದಡಿ 9 ಕಿಲೋಮೀಟರಿನ ಸುರಂಗ ತೆರೆಯಿತು. ಸುರಂಗಕ್ಕೆ ಆ ಮಿತಿ ಅನ್ವಯವಾಗದು. ಮೇಲೆ ತಡೆದ ವಾಹನಗಳು ಕೆಳಗಿನಿಂದ ನುಸುಳಿ ಲಾಹೌಲ್ ತಲುಪುತ್ತಿವೆ. ವರ್ಷದ ಅರ್ಧಭಾಗ ಹಿಮದಲ್ಲಿ ಮುಚ್ಚಿಹೋಗುತ್ತಿದ್ದ ಆ ಕಣಿವೆಯ ಜನರಿಗೆ ಸುರಂಗವು ಆಸ್ಪತ್ರೆಯ ದಾರಿ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಹಿಮ ಕರಗಿದ ನೀರನ್ನು ಕೂಲ್ ಎಂಬ ಕಾಲುವೆಗಳಲ್ಲಿ ಸರದಿಯಂತೆ ಹಂಚಿಕೊಂಡು ಬಟಾಣಿ, ಆಲೂಗಡ್ಡೆ ಬೆಳೆಯುವ ಹಳ್ಳಿಗಳಿಗೆ ಮನಾಲಿಯ ದಟ್ಟಣೆಯನ್ನು ದಾಟಿಸುವ ಅಗತ್ಯವಿತ್ತೇ?

ಶಿಮ್ಲಾದ ಕಥೆಯೂ ಇಂಥದೇ. 2017ರಲ್ಲಿ ಹಸಿರು ನ್ಯಾಯಮಂಡಳಿ ಅಲ್ಲಿನ ನಿರ್ಮಾಣಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಿತು. 2024ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿ, ಯೋಜನೆ ರೂಪಿಸುವುದು ಸರ್ಕಾರದ ಕೆಲಸವೆಂದು ಹೇಳಿತು. ಮರುವರ್ಷದ ಜುಲೈಯಲ್ಲಿ ಅದೇ ನ್ಯಾಯಾಲಯ, ಹೋಟೆಲ್ ಸಂಸ್ಥೆಯೊಂದರ ಅರ್ಜಿಯನ್ನು ತಳ್ಳಿಹಾಕುತ್ತ, ಹೀಗೇ ಸಾಗಿದರೆ ಹಿಮಾಚಲವೇ ನಕಾಶೆಯಿಂದ ಅಳಿದೀತು ಎಂಬ ಆತಂಕ ವ್ಯಕ್ತಪಡಿಸಿತು. ಅಧಿಕಾರ ಯಾರದೆಂಬ ಚರ್ಚೆ ನ್ಯಾಯಾಂಗದಲ್ಲಿ ಮುಗಿದಿರಬಹುದು. ಇಳಿಜಾರಿನ ಧಾರಣಶಕ್ತಿಯ ಚರ್ಚೆಯನ್ನು ಪ್ರತಿ ಮುಂಗಾರೂ ಹೊಸದಾಗಿ ಎತ್ತುತ್ತದೆ.

ಮೂರು ವಾದಗಳು

ಪ್ರವಾಸೋದ್ಯಮದ ಪರ ವಕಾಲತ್ತು ವಹಿಸುವವರು ಮೂರು ವಾದ ಮುಂದಿಡುತ್ತಾರೆ.

ಒಂದು, ಪ್ರವಾಸಿಯೇ ಬೆಟ್ಟದ ಜನರ ಅನ್ನದಾತ. ಹಾಗಿದ್ದಲ್ಲಿ ಯಾತ್ರಿಕರೂ ಪ್ರವಾಸಿಗರೂ ಲಕ್ಷಗಟ್ಟಲೆ ಬರುವ ಉತ್ತರಾಖಂಡದಲ್ಲಿ ಹಳ್ಳಿಗಳು ತುಂಬಿ ತುಳುಕಬೇಕಿತ್ತು. ಆ ರಾಜ್ಯದ ವಲಸೆ ಆಯೋಗವೇ 2018ರಲ್ಲಿ ಕೊಟ್ಟ ಲೆಕ್ಕದಂತೆ, 2011ರ ನಂತರ 734 ಊರುಗಳು ಪೂರ್ತಿ ನಿರ್ಜನವಾಗಿವೆ. ಹಣ ರಸ್ತೆಯಂಚಿನಲ್ಲಿ ಸುತ್ತುತ್ತದೆ, ಮೇಲಿನ ಮೆಟ್ಟಿಲುಗದ್ದೆಗೆ ಹತ್ತುವುದಿಲ್ಲ. ಗಢವಾಲದ ‘ಬಾರಾನಾಜಾ’ ಪದ್ಧತಿಯಲ್ಲಿ ಹನ್ನೆರಡು ಬಗೆಯ ಧಾನ್ಯ-ಕಾಳುಗಳನ್ನು ಕೂಡಿಸಿ ಬಿತ್ತುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತದೆ, ನೆಲದ ಸಾರವೂ ಉಳಿಯುತ್ತದೆ. ಅದರ ಮುಖ್ಯ ಬೆಳೆ ಮಂಡುವಾ, ಎಂದರೆ ಕನ್ನಡಿಗರ ರಾಗಿ. ಕರ್ನಾಟಕದ ಪ್ರವಾಸಿಗೆ ಮಸ್ಸೂರಿಯ ಹೋಟೆಲಿನಲ್ಲಿ ಇಡ್ಲಿ-ಸಾಂಬಾರು ಸುಲಭವಾಗಿ ಸಿಗುತ್ತದೆ. ಪಕ್ಕದ ಗುಡ್ಡದಲ್ಲಿ ಬೆಳೆದ ರಾಗಿಯ ರೊಟ್ಟಿ ಸಿಗುವುದು ಅಪರೂಪ. ಕೊಳ್ಳುವವರಿಲ್ಲದ ರಾಗಿಯ ಗದ್ದೆ ಪಾಳುಬಿದ್ದು, ಮೆಟ್ಟಿಲಿನ ಕಲ್ಲುಕಟ್ಟೆ ಜಾರಿ, ಮಣ್ಣು ಹೊಳೆ ಸೇರುತ್ತದೆ. ಹಿಮಾಚಲದ ಸೇಬಿಗೂ ನೆಮ್ಮದಿಯಿಲ್ಲ. ಚಳಿಗಾಲದಲ್ಲಿ ಸುಮಾರು ಸಾವಿರ ಗಂಟೆ ಏಳು ಡಿಗ್ರಿಗಿಂತ ಕಡಿಮೆ ತಂಪು ಬೇಡುವ ತಳಿಗಳು ಕುಲುವಿನ ಕೆಳಭಾಗವನ್ನು ಬಿಟ್ಟು ಮೇಲಮೇಲಕ್ಕೆ ಸರಿಯುತ್ತಿವೆ. 2023ರಲ್ಲಿ ರಸ್ತೆಗಳು ಕುಸಿದಾಗ ಸೇಬಿನ ಪೆಟ್ಟಿಗೆಗಳು ಮಾರುಕಟ್ಟೆ ತಲುಪದೆ ಉಳಿದವು. ರಸ್ತೆ ಕುಸಿದರೆ ಪ್ರವಾಸಿ ಬೇರೆ ಊರಿಗೆ ಹೋದಾನು. ರೈತ ಎಲ್ಲಿಗೆ ಹೋಗಬೇಕು?

ಎರಡು, ಅಗಲ ರಸ್ತೆಯೇ ಅಭಿವೃದ್ಧಿ. ಬೆಟ್ಟಕ್ಕೆ ರಸ್ತೆ ಬೇಕು, ಆಂಬುಲೆನ್ಸಿಗೂ ಸೇಬಿನ ಲಾರಿಗೂ ಬೇಕು. ಆದರೆ ವರ್ಷದ ಕೆಲವೇ ವಾರಾಂತ್ಯಗಳ ದಟ್ಟಣೆಗಾಗಿ ಗುಡ್ಡ ಕಡಿದು ಮಾಡಿದ ರಸ್ತೆ ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಹೋದರೆ ಆಂಬುಲೆನ್ಸಿಗೂ ಇಲ್ಲ, ಲಾರಿಗೂ ಇಲ್ಲ.

ಮೂರನೆಯ ವಾದವೇ ಗಂಭೀರವಾದದ್ದು. ಸಾಹೇಬರಿಗೂ ರಾಜರಿಗೂ ಮೀಸಲಾಗಿದ್ದ ತಂಪು ಈಗ ಗುಮಾಸ್ತನಿಗೂ ಶಿಕ್ಷಕಿಗೂ ದಕ್ಕುತ್ತಿದೆ. ಅದನ್ನು ತಡೆಯುವುದು ಮೇಲ್ವರ್ಗದ ಸ್ವಾರ್ಥವಲ್ಲವೇ ಎಂಬ ಪ್ರಶ್ನೆ. ಜೀವನದಲ್ಲಿ ಒಮ್ಮೆ ಹಿಮ ಮುಟ್ಟಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಆದ್ದರಿಂದಲೇ ಬೆಲೆಯೇರಿಸಿ ಬಡವನನ್ನು ಹೊರಗಿಡುವ ಉಪಾಯ ಸಲ್ಲದು. ಸಾಹೇಬರು ಬಿಟ್ಟುಹೋದ ಬಂಗಲೆಯ ಜೊತೆಗೆ, ಬೆಟ್ಟವಿರುವುದು ಬಯಲಿನವರ ವಿಶ್ರಾಂತಿಗೆ ಎಂಬ ಅವರ ಧೋರಣೆಯನ್ನೂ ದೇಶ ಉಳಿಸಿಕೊಂಡಿದೆ. ಬಿಡಬೇಕಾದದ್ದು ಆ ಧೋರಣೆಯನ್ನು.

ಆಗಬೇಕಾದ್ದೇನು?

ಪ್ರತಿ ಗಿರಿಧಾಮದ ಪ್ರವಾಸಿ ಮಿತಿಯನ್ನು ಹೋಟೆಲ್ ಕೋಣೆಗಳ ಲೆಕ್ಕದಿಂದ ಕಟ್ಟದೆ, ಮೇ ತಿಂಗಳ ನೀರಿನ ಲೆಕ್ಕದಿಂದ ಕಟ್ಟಬೇಕು. ಸ್ಥಳೀಯರ ಪಾಲು ತೆಗೆದಿಟ್ಟ ನಂತರ ಉಳಿದ ನೀರೆಷ್ಟೋ ಅಷ್ಟೇ ಅತಿಥಿಗಳು. ಇದು ಕನಸೇನಲ್ಲ: ಮದ್ರಾಸ್ ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2024ರ ಮೇ ತಿಂಗಳಿಂದ ಊಟಿ, ಕೊಡೈಕನಾಲ್‌ಗಳಿಗೆ ಇ-ಪಾಸ್ ಬಂತು, 2025ರ ಬೇಸಿಗೆಗೆ ಊಟಿಯಲ್ಲಿ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಬಂತು. ನದಿಯ ಹೂಳುಬೀಸಣಿಗೆ, ಹಳೆಯ ಕುಸಿತದ ನೆಲ, ಒರತೆಗೆ ನೀರೂಡುವ ಇಳಿಜಾರು ಈ ಮೂರನ್ನೂ ಗುರುತಿಸಿ ಅಲ್ಲಿ ಕಟ್ಟಡ ನಿಷೇಧಿಸಬೇಕು. ಪ್ರವಾಸಿ ತೆರಿಗೆಯ ಒಂದು ಪಾಲು ಗ್ರಾಮ ಪಂಚಾಯಿತಿಗೆ ನೇರವಾಗಿ ಸಲ್ಲಬೇಕು, ಒರತೆಗಳ ಪುನಶ್ಚೇತನಕ್ಕೆ ವಿನಿಯೋಗವಾಗಬೇಕು. ಸಿಕ್ಕಿಂ 2008ರಿಂದ ‘ಧಾರಾ ವಿಕಾಸ’ದ ಮೂಲಕ ಇಳಿಜಾರುಗಳಲ್ಲಿ ಇಂಗುಗುಂಡಿ ತೋಡಿ ಒರತೆಗಳನ್ನು ಬದುಕಿಸುವ ದಾರಿಯನ್ನು ತೋರಿದೆ.

ಪ್ರವಾಸಿಯ ಪಾಲಿನ ಕರ್ತವ್ಯವೂ ಇದೆ. ಐದು ರಾತ್ರಿ ಮೂರು ಊರು ಸುತ್ತುವ ಬದಲು ಐದೂ ರಾತ್ರಿ ಒಂದೇ ಹಳ್ಳಿಯಲ್ಲಿ ತಂಗಬಹುದು. ಅಲ್ಲಿನ ರಾಗಿ, ರಾಜ್ಮಾ ಉಣ್ಣಬಹುದು. ಕೋಣೆ ಕಾಯ್ದಿರಿಸುವ ಮುನ್ನ ಎರಡು ಪ್ರಶ್ನೆ ಕೇಳಬಹುದು: ನಿಮ್ಮಲ್ಲಿ ನೀರು ಎಲ್ಲಿಂದ ಬರುತ್ತದೆ? ಕೊಳಚೆ ಎಲ್ಲಿಗೆ ಹೋಗುತ್ತದೆ? ಉತ್ತರ ಬಾರದ ಕಡೆಗೆ ಹೋಗದಿರಬಹುದು.

ಮಲೆನಾಡಿಗರಿಗೆ ಈ ವಿಷಯದಲ್ಲಿ ಒಂದು ಹಳೆಯ ಋಣವಿದೆ. 1974ರಲ್ಲಿ ರೇಣಿ ಗ್ರಾಮದಲ್ಲಿ ಗೌರಾದೇವಿ ಮತ್ತು ಅವಳ ಸಂಗಾತಿಗಳು ಮರಗಳಿಗೆ ಅಡ್ಡ ನಿಂತ ಕಥೆ, ಸುಂದರಲಾಲ ಬಹುಗುಣರ ಮಾತಿನಲ್ಲಿ ಸಹ್ಯಾದ್ರಿ ತಲುಪಿತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿಯ ಜನ ಕಾಡಿಗೆ ನಡೆದು ಮರವನ್ನಪ್ಪಿಕೊಂಡರು, ಅಪ್ಪಿಕೋ ಹುಟ್ಟಿತು. ಬೆಟ್ಟವನ್ನು ಉಳಿಸುವ ಪಾಠವನ್ನು ದಕ್ಷಿಣಕ್ಕೆ ಕಲಿಸಿದ ಹಿಮಾಲಯಕ್ಕೆ ಇಂದು ದಕ್ಷಿಣದಿಂದ ಹೋಗುತ್ತಿರುವುದು ಪ್ರವಾಸಿ ಬಸ್ಸುಗಳ ಸಾಲು. 2018ರಲ್ಲಿ ಕೊಡಗು, 2024ರಲ್ಲಿ ಶಿರೂರು ಕುಸಿದ ಮೇಲೂ ಹೋಂಸ್ಟೇಗಳಿಗೆ ಗುಡ್ಡ ಸಮಮಾಡುತ್ತಿರುವ ಮಲೆನಾಡು, ಧರಾಲಿಯ ಹೂಳಿನಲ್ಲಿ ತನ್ನ ಮುಖವನ್ನೇ ಕಾಣಬೇಕಾಗಿದೆ.

ಮುಂದಿನ ಏಪ್ರಿಲ್‌ನಲ್ಲಿ ಅದೇ ಜಾಹೀರಾತು ಮತ್ತೆ ಬರುತ್ತದೆ. ಐದು ರಾತ್ರಿ ಕಳೆದು ಪ್ರವಾಸಿ ಮನೆಗೆ ಮರಳುತ್ತಾನೆ. ಆರನೆಯ ರಾತ್ರಿಯ ನೀರಿಗಾಗಿ ಬೆಟ್ಟದ ಹೆಂಗಸು ಕೊಡ ಹಿಡಿದು ಹೊರಡುತ್ತಾಳೆ. ಹೊರಡುವ ಮುನ್ನ ಅವಳ ಒರತೆಯ ಬಗೆಗೆ ವಿಚಾರಿಸದ ಪ್ರವಾಸಕ್ಕೆ ವಿಹಾರವೆಂಬ ಹೆಸರು ಒಪ್ಪುವುದಿಲ್ಲ.