ಯಂತ್ರಕ್ಕೆ ಕಲ್ಲೆಸೆಯುವ ಮುನ್ನ

ಚಿತ್ರಸಂಗೀತ ಕೆಟ್ಟಿತೆಂಬ ಮಾತು ಬಂದಾಗಲೆಲ್ಲ ನಾವು ಬೆರಳು ತೋರುವುದು ಸಿಂಥಸೈಜರ್‌ನತ್ತ. ಅದು ಬಂತು, ಸಾರಂಗಿ ಮೂಲೆ ಸೇರಿತು, ವಾದಕರು ಮನೆ ಸೇರಿದರು ಎನ್ನುತ್ತೇವೆ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ನಮ್ಮ ಸೋಗಲಾಡಿತನ.

ಹಾರ್ಮೋನಿಯಂ ಕಥೆ ನೆನಪಿಸಿಕೊಳ್ಳೋಣ. ಯುರೋಪಿನಿಂದ ಬಂದ ಆ ಪೆಟ್ಟಿಗೆ ನಮ್ಮ ಸಂಗೀತಕ್ಕೆ ಸಲ್ಲದೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. 1971ರಲ್ಲಿ ಬಾಗಿಲು ಅರ್ಧ ತೆರೆಯುವಷ್ಟರಲ್ಲಿ ಅದು ದರ್ಗಾದ ಖವ್ವಾಲಿಗೂ ಭಜನೆಗೂ ಕಂಪೆನಿ ನಾಟಕಕ್ಕೂ ಮನೆಮಗುವಾಗಿತ್ತು. ಗಾಯಕರ ಪಕ್ಕದಿಂದ ಸಾರಂಗಿಯನ್ನು ಎಬ್ಬಿಸಿದ್ದೂ ಅದೇ ಪೆಟ್ಟಿಗೆ. ಅದನ್ನು ಪರಂಪರೆ ಎನ್ನುವವರು ಸಿಂಥಸೈಜರನ್ನು ಪರಕೀಯವೆನ್ನುವುದು ಯಾವ ನ್ಯಾಯ?

ಮೊದಮೊದಲು ಅದು ದುಡಿಮೆ ಉಳಿಸುವ ಯಂತ್ರವೂ ಆಗಿರಲಿಲ್ಲ. 1968ರಲ್ಲಿ ವೆಂಡಿ ಕಾರ್ಲೋಸ್ ಬಾಖ್‌ನ ಕೃತಿಗಳನ್ನು ಮೂಗ್ ಸಿಂಥಸೈಜರ್‌ನಲ್ಲಿ ನುಡಿಸಿದಾಗ ಅದು ಒಮ್ಮೆಗೆ ಒಂದೇ ಸ್ವರ ಹೊರಡಿಸುತ್ತಿತ್ತು. ಎಳೆ ಎಳೆಯಾಗಿ ಮುದ್ರಿಸಿ ಹೆಣೆಯಬೇಕಿತ್ತು. ಎಪ್ಪತ್ತರ ದಶಕದಲ್ಲಿ ಕೇರ್ಸಿ ಲಾರ್ಡ್ ಮೂಗ್ ವಾದ್ಯವನ್ನು ಹಿಂದಿ ಚಿತ್ರಗೀತೆಗಳಿಗೆ ತಂದರು. ಚಿತ್ರಗೀತೆಗಳಿಗೆ ಗಿಟಾರ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೊಂದಿಸಿ ಸಿಂಥಸೈಜರ್‌ನಲ್ಲಿ ನುಡಿಸಿದರು. ಆಗ ನಾವು ಕಿವಿಗೊಡಲಿಲ್ಲ. 2010ರಲ್ಲಿ ಆ ರೆಕಾರ್ಡ್ ಹಾಲೆಂಡಿನಿಂದ ಮರಳಿ ಹೊರಬಂದ ಮೇಲೆ ಚಪ್ಪಾಳೆ ತಟ್ಟಿದೆವು. ರೆಕಾರ್ಡಿನ ಮೇಲೆ ಹೆಸರಿತ್ತು, ಆದ್ದರಿಂದ ಅವರು ಸಿಕ್ಕರು. ಹೆಸರೇ ಅಚ್ಚಾಗದ ಸಾರಂಗಿ ವಾದಕರನ್ನು ಯಾರು ಹುಡುಕಿಯಾರು? ತಲೆಮಾರುಗಳಿಂದ ಆ ಕಮಾನು ಹಿಡಿದ ಮನೆತನಗಳಲ್ಲಿ ಮುಸ್ಲಿಮರೇ ಹೆಚ್ಚು.

ಆ ಹೆಸರುಗಳನ್ನು ಅಳಿಸಿದ್ದು ಯಂತ್ರವಲ್ಲ. ಯಂತ್ರ ಬರುವ ಮೊದಲೇ ತೆರೆಯ ಮೇಲೆ ಸಂಗೀತ ನಿರ್ದೇಶಕನ ಹೆಸರು ಮಾತ್ರ ಬರುತ್ತಿತ್ತು, ನುಡಿಸಿದವರಿಗೆ ಅಂದಿನ ಕೂಲಿ. ಮುಂದೆ ಕೀಬೋರ್ಡ್ ಅಗ್ಗವಾಗಿ, ಹತ್ತು ಜನರ ಕೆಲಸ ಒಬ್ಬನ ಕೈಗೆ ಬಂದಾಗ, ಉಳಿದ ಹಣ ಯಾರ ಜೇಬು ಸೇರಿತು? ಅದನ್ನು ಕೇಳುವ ಧೈರ್ಯವಿಲ್ಲದೆ ಯಂತ್ರಕ್ಕೆ ಶಾಪ ಹಾಕಿದೆವು.

ಕಾನೂನೂ ಹಾಗೆಯೇ ಇದೆ. 2012ರ ಕೃತಿಸ್ವಾಮ್ಯ ತಿದ್ದುಪಡಿ ಕಲಾವಿದರಿಗೆ ರಾಯಧನದ ಹಕ್ಕು ಕೊಟ್ಟಿತು, ನಿಜ. ಆದರೆ ಚಿತ್ರದಲ್ಲಿ ಯಾರ ಪಾತ್ರ 'ಪ್ರಾಸಂಗಿಕ'ವೋ, ವಾಡಿಕೆಯಂತೆ ಯಾರ ಹೆಸರು ಎಲ್ಲಿಯೂ ಹಾಕುವುದಿಲ್ಲವೋ ಅವರನ್ನು ರಾಯಧನದ ಮಟ್ಟಿಗೆ ಕಲಾವಿದರೆಂದು ಪರಿಗಣಿಸಬೇಕಿಲ್ಲವಂತೆ! ಹೆಸರು ಹಾಕದಿರುವುದು ಅನ್ಯಾಯ. ಅದನ್ನೇ ನೆಪ ಮಾಡಿ ಅನ್ನ ಕಸಿಯುವುದು ಇನ್ನೂ ದೊಡ್ಡ ಅನ್ಯಾಯ.

ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಕೇಳುತ್ತ ಬೆಳೆದವರು ನಾವು. ಸಾರಂಗಿಯವನಿರಲಿ, ಸಿಂಥಸೈಜರಿನವನಿರಲಿ, ನುಡಿಸಿದ ಪ್ರತಿಯೊಬ್ಬರ ಹೆಸರೂ ಹಾಡಿನ ಜೊತೆ ಅಚ್ಚಾಗಲಿ ಎಂದು ಒತ್ತಾಯಿಸೋಣ. ಕಲ್ಲೆಸೆಯುವುದು ಆಮೇಲಿನ ಮಾತು.