ಶಾಲು ಹೊದಿಸಿದ್ದಾಯಿತು, ಮಾತು ಬರೆದುಕೊಂಡಿರಾ?

1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಒಂದು ಮರಳಲಿಲ್ಲ. ಅದರಲ್ಲಿದ್ದವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಏನಾಯಿತೆಂದು ಕಂಡವರು ನಮ್ಮ ಕಡೆ ಇರಲಿಲ್ಲ. ಕಡತದಲ್ಲಿ ಅವರು ನಾಪತ್ತೆಯಾದವರು. ತಮ್ಮದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ವಿಮಾನವನ್ನು ದೇವಯ್ಯ ಕೆಡವಿದ್ದರೆಂಬ ಸಂಗತಿ ಗೊತ್ತಾದದ್ದು ಎದುರಾಳಿಯಿಂದ. ಆ ಪಾಕಿಸ್ತಾನಿ ಪೈಲಟ್ ಪ್ಯಾರಾಶೂಟ್‌ನಲ್ಲಿ ಇಳಿದು ಬದುಕಿಕೊಂಡಿದ್ದ. ಪಾಕಿಸ್ತಾನದ ಕಡೆಯ ಕಥನವನ್ನು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪುಸ್ತಕ ಮಾಡಿದ ಮೇಲೆ ಇಲ್ಲಿ ಕಡತಗಳು ಮತ್ತೆ ತೆರೆದವು. ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಅಂದರೆ 23 ವರ್ಷಗಳ ನಂತರ. ನಮ್ಮವರ ಸಾಹಸಕ್ಕೆ ಶತ್ರುವೇ ಸಾಕ್ಷಿ ಹೇಳಬೇಕಾಯಿತು!

ಇದೊಂದು ಅಪರೂಪದ ಪ್ರಕರಣ, ಉಳಿದದ್ದನ್ನೆಲ್ಲ ಸೇನೆಯೇ ಬರೆದಿಟ್ಟಿರುತ್ತದೆ ಎನ್ನುವವರಿದ್ದಾರೆ. ಸೇನೆ ಬರೆದಿಡುತ್ತದೆ, ನಿಜ. ಆದರೆ ಏನನ್ನು? ನಿವೃತ್ತ ಸಿಪಾಯಿಯ ಡಿಸ್ಚಾರ್ಜ್ ಪುಸ್ತಕ ಬಿಡಿಸಿ ನೋಡಿ: ಸೇರಿದ ದಿನ, ಬಿಟ್ಟ ದಿನ, ನಡತೆ, ಪದಕಗಳ ಪಟ್ಟಿ. ಅದರಲ್ಲಿ ‘ಪೂರ್ವಿ ಸ್ಟಾರ್’ ಎಂದಿದ್ದರೆ 1971ರಲ್ಲಿ ಆತ ಪೂರ್ವದ ರಣರಂಗದಲ್ಲಿದ್ದ ಎಂದಷ್ಟೇ ತಿಳಿಯುತ್ತದೆ. ಯಾವ ಹೊಳೆ ದಾಟಿದ, ಪಕ್ಕದಲ್ಲಿದ್ದವನು ಹೇಗೆ ಸತ್ತ, ಊರಿಗೆ ಬರೆದ ಕಾಗದದಲ್ಲಿ ಏನನ್ನು ಮುಚ್ಚಿಟ್ಟ, ಇದಕ್ಕೆ ಅಲ್ಲಿ ಕಲಮೇ ಇಲ್ಲ. ಯುನಿಟ್ಟಿನ ಯುದ್ಧ ದಿನಚರಿಯೂ ಬರೆಯುವುದು ತುಕಡಿಯ ಕಥೆಯನ್ನು, ಹಳ್ಳಿಯಿಂದ ಹೋದವನದ್ದನ್ನಲ್ಲ. ಅಂದು ಇಪ್ಪತ್ತರ ಹುಡುಗನಾಗಿದ್ದವನಿಗೆ ಈಗ ಎಪ್ಪತ್ತು ದಾಟಿದೆ. ಆಗಸ್ಟ್ 15ಕ್ಕೆ ಅವರನ್ನು ಪಂಚಾಯಿತಿ ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಮೈಕನ್ನು ಮಾತ್ರ ಬೇರೆಯವರ ಕೈಗೆ ಕೊಡುತ್ತೇವೆ.

ವಯಸ್ಸಾದವರ ನೆನಪು ನಂಬಲರ್ಹವಲ್ಲ, ಅರ್ಧ ಬಡಾಯಿ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಫ್ರಿಕರ್ ಪುಸ್ತಕವೂ ಪಾಕಿಸ್ತಾನದ ಕಡೆಗೆ ವಾಲಿದೆ ಎಂಬ ದೂರು ಹೊತ್ತದ್ದೇ. ಅಲ್ಲಿದ್ದ ಒಂದು ಎಳೆಯನ್ನು ಬೇರೆ ದಾಖಲೆಗಳೊಂದಿಗೆ ಕೂಡಿಸಿ ನೋಡಿದಾಗಲೇ ಸತ್ಯ ನಿಂತಿತು. ತಾಳೆ ನೋಡಲಿಕ್ಕೂ ಮೊದಲು ಮಾತು ದಾಖಲಾಗಿರಬೇಕಲ್ಲ? ಇದರಿಂದ ಯುದ್ಧದ ವೈಭವೀಕರಣ ಆಗುತ್ತದೆ ಎಂಬ ಆತಂಕವಂತೂ ನನಗೆ ತಿರುವುಮುರುವಾಗಿ ಕಾಣುತ್ತದೆ. ವೈಭವೀಕರಿಸುವುದು ಪ್ರತಿಮೆ, ಭಾಷಣ; ಕಾಲು ಕೊಳೆತ ಚಳಿಯನ್ನು ನೆನೆಯುವವನಲ್ಲ. ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದೇ ಬೇಗೂರಿನ ಗಂಗರ ಕಾಲದ ಶಾಸನದಲ್ಲಿ, ‘ಬೆಂಗಳೂರು ಕಾಳಗ’ದಲ್ಲಿ ಮಡಿದವನೊಬ್ಬನನ್ನು ನೆನೆದು ಹಾಕಿಸಿದ ಕಲ್ಲಿನಲ್ಲಿ. ಸತ್ತವರಿಗೆ ವೀರಗಲ್ಲು ನಿಲ್ಲಿಸುವ ಪದ್ಧತಿ ನಮ್ಮಲ್ಲಿತ್ತು. ಬದುಕಿ ಬಂದವರಿಗೆ ಕೆತ್ತಿದ್ದು ಅಪರೂಪ. ಈಗ ಉಳಿ ಬೇಡ, ಜೇಬಿನ ಮೊಬೈಲ್ ಸಾಕು. ಪಂಚಾಯಿತಿ ಗ್ರಂಥಾಲಯದಲ್ಲಿ ಒಂದು ಕಪಾಟು, ಪ್ರಶ್ನೆ ಕೇಳಲು ಪಿಯು ಓದುವ ಇಬ್ಬರು ಮಕ್ಕಳು. ಎಷ್ಟು ಜನರನ್ನು ಕೊಂದಿರಿ ಎಂದು ಕೇಳಬಾರದು ಎಂದಷ್ಟೇ ಅವರಿಗೆ ಹೇಳಿಕೊಟ್ಟಿರಬೇಕು. ಆ ರಾತ್ರಿ ಏನು ಉಂಡಿರಿ ಎಂದು ಶುರು ಮಾಡಲಿ.